ಚಿಪ್ ಬೇಡಿಕೆ ಏರಿದರೆ ಕೂರ್ಗಳ್ಳಿಯ ಸಿಎನ್‌ಸಿ ಶೆಡ್ಡಿಗೆ ಏನು?

ಮೈಸೂರಿಗೆ ಬರುತ್ತೆ ಅಂತ 2022ರಲ್ಲಿ ಒಪ್ಪಂದವಾಗಿದ್ದ ಚಿಪ್ ಫ್ಯಾಬ್ (ಚಿಪ್ ತಯಾರಿಸುವ ಕಾರ್ಖಾನೆ) ಮೇಲೇಳಲೇ ಇಲ್ಲ. ಇರಲಿ, ಚಿಪ್ ಮಾಡುವ ಯಂತ್ರಗಳ ಬಿಡಿಭಾಗ ಮಾಡೋಕೆ ಫ್ಯಾಬ್ ಪಕ್ಕದಲ್ಲೇ ಇರಬೇಕಾಗಿಲ್ಲ. ಆದರೆ ಮೈಸೂರಿನ ಕೈಗಾರಿಕಾ ಪ್ರದೇಶಗಳಾದ ಹೆಬ್ಬಾಳ, ಕೂರ್ಗಳ್ಳಿ ಕಡೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರ) ಶೆಡ್ ನಡೆಸುವವರು ಈ ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಲೆಕ್ಕ ನೋಡಬೇಕು.

ಫ್ಯಾಬ್‌ನಲ್ಲಿ 100 ಯಂತ್ರಗಳಿವೆ, ವರ್ಷಕ್ಕೆ 10 ಹಳತಾಗಿ ಬದಲಾಗುತ್ತವೆ ಅಂತಿಟ್ಟುಕೊಳ್ಳಿ. ಚಿಪ್ ಬೇಡಿಕೆ ಶೇ 10ರಷ್ಟು ಹೆಚ್ಚಿದರೆ ಇನ್ನೂ 10 ಬೇಕು. ಆರ್ಡರ್ ಒಮ್ಮೆಗೇ ಎರಡು ಪಟ್ಟು. ಮರುವರ್ಷ ಬೇಡಿಕೆ ಇಳಿಯೋದೇ ಬೇಡ, ಅಲ್ಲೇ ನಿಂತರೂ ಆರ್ಡರ್ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತೆ. ಮೆಮೊರಿ ಕಂಪನಿಗಳಲ್ಲಿ ಇದು ಇನ್ನೂ ಜೋರು. 3ಡಿ ನ್ಯಾಂಡ್ ಅನ್ನೋ ಮೆಮೊರಿ ಚಿಪ್‌ನಲ್ಲಿ 200ಕ್ಕೂ ಹೆಚ್ಚು ಪದರ ಕೂರಿಸೋದು ಡೆಪೊಸಿಷನ್ ಯಂತ್ರ, ಆಳದ ತೂತು ಕೊರೆಯೋದು ಎಚಿಂಗ್ ಯಂತ್ರ. ಮೆಮೊರಿ ಬೆಲೆ ಕುಸಿದರೆ ಮೊದಲ ಪೆಟ್ಟು ಅವಕ್ಕೇ.

2023ರಲ್ಲಿ ಮಾತ್ರ ಈ ಲೆಕ್ಕ ಕೈಕೊಟ್ಟಿತು. ಜಗತ್ತಿನ ಚಿಪ್ ಮಾರಾಟ ಸುಮಾರು ಶೇ 8 ಇಳಿದರೂ ಯಂತ್ರಗಳ ಮಾರಾಟ 10,760 ಕೋಟಿ ಡಾಲರ್‌ನಿಂದ 10,630 ಕೋಟಿಗಷ್ಟೇ ಇಳಿಯಿತು. ಅಮೆರಿಕದ ರಫ್ತು ನಿರ್ಬಂಧ ಇನ್ನೂ ಬಿಗಿಯಾಗುವ ಮುಂಚೆ ಚೀನಾ ಸಿಕ್ಕಷ್ಟು ಯಂತ್ರ ಕೊಂಡಿಟ್ಟುಕೊಂಡಿದ್ದು ದೊಡ್ಡ ಕಾರಣ. 2024ರಲ್ಲಿ ಎಐ ಸರ್ವರ್‌ಗಳ ಎಚ್‌ಬಿಎಂ ಅನ್ನೋ ವೇಗದ ಮೆಮೊರಿಯ ಬೇಡಿಕೆಯೂ ಸೇರಿ ಯಂತ್ರಗಳ ಮಾರಾಟ 11,710 ಕೋಟಿಗೆ ಹೋಯಿತು.

ಚೇಂಬರ್ (ಗಾಳಿ ತೆಗೆದು ಒಳಗೆ ಚಿಪ್ ಕೆಲಸ ನಡೆಸುವ ಪೆಟ್ಟಿಗೆ) ಬಾಡಿ, ಫ್ರೇಮು ಹೊಸ ಯಂತ್ರದ ಜೊತೆ ಹೋಗುವಂಥವು, ಏರಿಳಿತವೂ ಅದರದ್ದೇ. ಚೇಂಬರಿನೊಳಗಿನ ಫೋಕಸ್ ರಿಂಗ್ (ಚಿಪ್ ಬಿಲ್ಲೆಯ ಸುತ್ತಲಿನ ಬಳೆ), ಶವರ್‌ಹೆಡ್ (ಅನಿಲ ಹರಡುವ ತೂತಿನ ಬಿಲ್ಲೆ), ಲೈನರ್ (ಗೋಡೆಯ ಒಳಹೊದಿಕೆ) ಪ್ಲಾಸ್ಮಾಕ್ಕೆ (ವಿದ್ಯುತ್‌ನಿಂದ ಅಯಾನಾದ ಅನಿಲ) ಸವೆಯುತ್ತವೆ. ಫ್ಯಾಬ್ ಓಡುವಷ್ಟು ದಿನ ಬದಲಾಯಿಸುತ್ತಲೇ ಇರಬೇಕು. ಫೋಕಸ್ ರಿಂಗ್ ಸಿಲಿಕಾನ್, ಕ್ವಾರ್ಟ್ಜ್‌ನದ್ದು, ನಮ್ಮ ಶೆಡ್ಡಿನ ಕೆಲಸವಲ್ಲ. ಅಲ್ಯೂಮಿನಿಯಂ ಲೈನರ್ ಹಿಡಿಯಬಹುದು. ಸಾಲ ತಂದು ಫೈವ್ ಆಕ್ಸಿಸ್ ಮಷೀನ್ ಕೂರಿಸಿದವರಿಗೆ ಈ ಸವೆಯುವ ಮಾಲೇ ವಾಸಿ, ಇಎಂಐ ಏರಿಳಿಯಲ್ಲವಲ್ಲ.

ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಳತೆ ಹಿಡಿಯೋದು ನಮ್ಮವರಿಗೆ ಕಷ್ಟವಲ್ಲ, ಪಾರ್ಟ್ ರಿಜೆಕ್ಟ್ ಆಗೋದು ಬೇರೆ ಕಡೆ. ಗಾಳಿ ಸೋರದಂತೆ ಹಾಕುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಕೂರುವ ಗ್ರೂವ್‌ನ ಉದ್ದಕ್ಕೆ ಸಾಗುವ ಟೂಲ್ ಮಾರ್ಕ್ ನಡೆಯುತ್ತೆ. ಅಡ್ಡಲಾಗಿ ಕೂದಲೆಳೆಯ ಗೀರು ಬಿದ್ದರೂ ಹೀಲಿಯಂ ಲೀಕ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತೆ. ವ್ಯಾಕ್ಯೂಮ್ ಒಳಗಿನ ಬ್ಲೈಂಡ್ ಹೋಲ್‌ಗೆ (ತಳ ಮುಚ್ಚಿದ ತೂತು) ಮಾಮೂಲಿ ಸ್ಕ್ರೂ ಹಾಕಿದರೆ ತಳದಲ್ಲಿ ಉಳಿದ ಗಾಳಿ ಗಂಟೆಗಟ್ಟಲೆ ಒಸರುತ್ತೆ. ಗಾಳಿ ಇರೋದು ಒಳಗೇ ಆದ್ದರಿಂದ ಹೊರಗಿನಿಂದ ಎಷ್ಟು ಹೀಲಿಯಂ ಊದಿದರೂ ಪತ್ತೆಯಾಗಲ್ಲ. ನಡುವೆ ತೂತಿರುವ ಸ್ಕ್ರೂನೇ ಬೇಕು. ಹಿತ್ತಾಳೆ, ಜಿಂಕ್ ಪ್ಲೇಟಿಂಗ್ ಬೋಲ್ಟ್ ಒಳಗೆ ಸೇರಿಸಲೇಬಾರದು. ಬಿಸಿಯಾದರೆ ಇವೆರಡರಲ್ಲೂ ಇರುವ ಸತು (ಜಿಂಕ್) ಆವಿಯಾಗಿ ಚೇಂಬರಿನಲ್ಲೆಲ್ಲ ಮೆತ್ತಿಕೊಳ್ಳುತ್ತೆ.

ಮೊದಲ ಪಾರ್ಟ್ ಒಪ್ಪಿಗೆಯಾದ ಮೇಲೆ ಕೂಲಂಟ್ ಬ್ರ್ಯಾಂಡ್ ಆಗಲಿ, ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕಟ್ಟಿಸೋದು) ಮಾಡಿಸುವ ಜಾಗವಾಗಲಿ ಕಸ್ಟಮರ್‌ಗೆ ಹೇಳದೆ ಬದಲಾಯಿಸೋ ಹಾಗಿಲ್ಲ. ರೇಟು ಕೊಡುವಾಗ ಡಿಐ (ಅಯಾನು ತೆಗೆದ ಶುದ್ಧ) ನೀರಿನ ಅಲ್ಟ್ರಾಸೋನಿಕ್ ಕ್ಲೀನಿಂಗ್, ಕ್ಲೀನ್‌ರೂಮಿನಲ್ಲಿ ಎರಡು ಕವರಿನ ಪ್ಯಾಕಿಂಗ್ ಖರ್ಚನ್ನೂ ಸೇರಿಸಿ. ಬಿಟ್ಟರೆ ಮಷಿನಿಂಗ್‌ನ ಲಾಭ ಅದಕ್ಕೇ ಹೋಗುತ್ತೆ.