ಗಾಳಿ ಜೋರೈತಿ, ಫ್ಯಾನ್ ಯಾಕ ನಿಂತಾವು?

ಆಷಾಢ ಬಂತೆಂದರೆ ನಮ್ಮ ಕುಷ್ಟಗಿ ಕಡೆ ತಗಡಿನ ಮೇಲೆ ಕಲ್ಲು ಹೇರಬೇಕು, ಅಂಥ ಗಾಳಿ. ಮೊನ್ನೆ ನೈಟ್ ಶಿಫ್ಟ್ ಮುಗಿಸಿ ಊರಿಗೆ ಬಂದರೆ ಕಟ್ಟೆ ಮೇಲೆ ಕುಂತಿದ್ದ ದೊಡ್ಡಪ್ಪ ಹಿಡಿದುಕೊಂಡ.

"ತಮ್ಮಾ, ಗಾಳಿ ಹಿಂಗ ಬೀಸಾಕತ್ತೈತಿ. ರಾತ್ರಿ ನಿಮ್ಮ ಫ್ಯಾನ್ ಸುಮ್ಮನ ನಿಂತಿದ್ವಲ್ಲ, ಕೆಟ್ಟಾವೇನು?"

ದೊಡ್ಡಪ್ಪ ಕೇಳಿದ್ದು ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳನ್ನು. ಅವು ಕೆಟ್ಟಿರಲಿಲ್ಲ. ನಿಲ್ಲಿಸಿದವನು ನಾನೇ.

ನಾನು ಪೂಲಿಂಗ್ ಸ್ಟೇಷನ್ನಿನಲ್ಲಿ ಶಿಫ್ಟ್ ಆಪರೇಟರ್. ಸುತ್ತಲಿನ ಫ್ಯಾನುಗಳ ಕರೆಂಟು ಇಲ್ಲಿಗೆ 33 ಕೆವಿಯಲ್ಲಿ (ಕಿಲೋವೋಲ್ಟ್) ಬಂದು 220 ಕೆವಿಯಾಗಿ ಮುಂದೆ ಹೋಗುತ್ತದೆ. ಟೇಬಲ್ ಎದುರಿನ ಗೋಡೆಯಲ್ಲಿ ಕೆಂಪು ಅಂಕಿಯ ಫ್ರೀಕ್ವೆನ್ಸಿ ಮೀಟರ್. ಕರೆಂಟು ಬೇಕಾದ್ದಕ್ಕಿಂತ ಹೆಚ್ಚಾದರೆ ಅಂಕಿ ಏರುತ್ತದೆ, ಸಾಲದಾದರೆ ಇಳಿಯುತ್ತದೆ. 49.90ರಿಂದ 50.05ರೊಳಗೆ ಇದ್ದರೆ ಚಹಾ ಕುಡಿಯಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನು ಜೋಡಿಸಿ ದಕ್ಷಿಣದ ಗ್ರಿಡ್ಡನ್ನು, ಅಂದರೆ ಕರೆಂಟಿನ ಜಾಲವನ್ನು, ಉಳಿದ ದೇಶಕ್ಕೆ ಸೇರಿಸಿದರು. ಅಂದಿನಿಂದ ಕುಷ್ಟಗಿಗೂ ದಿಲ್ಲಿಗೂ ಒಂದೇ ಅಂಕಿ.

ಆ ರಾತ್ರಿ ಎರಡೂವರೆಗೆ 50.08. ಮಳೆಯಾಗಿ ಪಂಪ್‌ಸೆಟ್ಟುಗಳೆಲ್ಲ ಬಂದ್, ಊರಿಗೂರೇ ಮಲಗಿದೆ, ನಮ್ಮ ಫ್ಯಾನು ಮಾತ್ರ ಫುಲ್. ಯಾರು ಎಷ್ಟು ಕರೆಂಟು ಕೊಡಬೇಕೆಂದು ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್‌ನಿಂದ ಫೋನ್: ಅರ್ಧಕ್ಕೆ ಇಳಿಸಿ. ಗಾಳಿ ಕರೆಂಟನ್ನು ಮೊದಲು ತಗೋಬೇಕೆಂಬ ನಿಯಮವೇನೋ ಇದೆ, ಆದರೆ ಗ್ರಿಡ್ಡಿನ ಸುರಕ್ಷತೆ ಅಂದ ಮೇಲೆ ವಾದವಿಲ್ಲ. ಮೌಸ್ ಒತ್ತಿ ಹೊರಗೆ ಬಂದು ನಿಂತೆ. ಹತ್ತಿರದ ಫ್ಯಾನಿನ ರೆಕ್ಕೆಗಳು ಬುಡದಲ್ಲೇ ಹೊರಳಿ ಅಂಚನ್ನು ಗಾಳಿಗೆ ಕೊಟ್ಟವು. ಸುಂಯ್ ಸದ್ದು ಇಳೀತಾ ಇಳೀತಾ ನಿಂತಿತು. ತುದಿಯ ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು. ಎಷ್ಟು ಸಲ ನೋಡಿದರೂ ಹೊಟ್ಟೆ ಉರಿಯುತ್ತದೆ.

ನಮ್ಮ ಭಾವ ಶಕ್ತಿನಗರದ ಥರ್ಮಲ್‌ನಲ್ಲಿದ್ದಾನೆ, ಅಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಾರೆ. ಶಿಫ್ಟಿಗೆ ಹೋಗುವ ಮುಂಚೆ ನನಗೆ ಫೋನ್: "ಹೆಂಗೈತಿಪಾ ಗಾಳಿ?" ನಮ್ಮಲ್ಲಿ ಜೋರಿದ್ದರೆ ಅವರ 210 ಮೆಗಾವಾಟ್ ಯೂನಿಟ್ಟು 115ರ ಹತ್ತಿರ ಇಳಿಯುತ್ತದೆ. ಅದಕ್ಕೂ ಕೆಳಗೆ ಬೆಂಕಿ ನಿಲ್ಲಬೇಕಾದರೆ ಎಣ್ಣೆ ಸುರಿಯಬೇಕು. ಪೂರ್ತಿ ಆರಿಸಿದರೆ ಮತ್ತೆ ಹಚ್ಚಲು ತಾಸುಗಟ್ಟಲೆ. ಗಾಳಿಗೆ ಅಷ್ಟು ಪುರುಸೊತ್ತು ಎಲ್ಲಿ? ವೇಗ ಅರ್ಧವಾದರೆ ಕರೆಂಟು ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ. ಅದಕ್ಕೇ ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ನಾಳೆ ಯಾವ ತುಂಡಿನಲ್ಲಿ ಎಷ್ಟು ಕೊಡುತ್ತೇವೆಂದು ಇವತ್ತೇ ಬರೆದುಕೊಡುವುದು. ಗುಡುಗು-ಮಳೆ ಬಂದ ದಿನ ಆ ಪಟ್ಟಿ ಪಂಚಾಂಗಕ್ಕಿಂತ ಕಡೆ.

ಕಾಳು ಕೂಡಿಡುವ ಹಗೇವಿನಂತೆ ಕರೆಂಟಿಗೂ ಒಂದು ಹಗೇವು ಅಂತ ಇದ್ದರೆ ಅದು ಸದ್ಯಕ್ಕೆ ಶರಾವತಿಯೇ. ನಮ್ಮ ಗಾಳಿ ಬೀಸಿದಷ್ಟು ಹೊತ್ತು ಲಿಂಗನಮಕ್ಕಿಯ ನೀರು ಉಳಿಯುತ್ತದೆ, ಗಾಳಿ ಬಿದ್ದ ಕೂಡಲೇ ಬಿಡಬಹುದು. ರಾತ್ರಿಯ ಹೆಚ್ಚಿನ ಕರೆಂಟಿನಲ್ಲಿ ನೀರನ್ನು ಮತ್ತೆ ಮೇಲೆತ್ತುವ 2000 ಮೆಗಾವಾಟಿನ ಯೋಜನೆಯ ಮಾತೂ ಇದೆ. ಕಾಡು ಹೋಗುತ್ತದೆಂಬ ಅಲ್ಲಿನವರ ತಕರಾರು ನನಗಂತೂ ಸುಳ್ಳೆನಿಸುವುದಿಲ್ಲ. ಬ್ಯಾಟರಿಯೇ ಇಟ್ಟರೆ ವಾಸಿ ಅಂತ ನನ್ನ ಮನಸ್ಸು.

ಇದನ್ನೆಲ್ಲ ದೊಡ್ಡಪ್ಪ ಎಲೆ-ಅಡಿಕೆ ಜಗಿಯುತ್ತ ಕೇಳಿದ.

"ಹಂಗಾರ ಆ ಕರೆಂಟು ನಮ್ಮ ಬೋರಿಗೆ ಕೊಡಬಾರದಿತ್ತೇನು?"

"ಮಳಿ ಆಗೈತಲ್ಲ ದೊಡ್ಡಪ್ಪ, ಈಗ ಬೋರ್ ಯಾಕ?"

"ಬ್ಯಾಸಿಗ್ಯಾಗ ಕೊಡು ಮತ್ತ."

"ಬ್ಯಾಸಿಗ್ಯಾಗ ಗಾಳಿ ಇಷ್ಟ್ ಇರಂಗಿಲ್ಲ."

ಪಿಚಕ್ಕನೆ ಉಗುಳಿ, "ಹೋಗು, ಮಕ್ಕೋ ಹೋಗು," ಅಂದ.