ಖೋಪೋಲಿಯ ಪೈಪು, ಟ್ರಾಂಬೆಯ ಚಿಮಣಿ

ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಖೋಪೋಲಿಗೆ ಲೋಕಲ್‌ನಲ್ಲಿ ಸುಮಾರು ಎರಡೂವರೆ ಗಂಟೆ. ನೇರ ಗಾಡಿಗಳು ಬೆರಳೆಣಿಕೆಯಷ್ಟು; ತಪ್ಪಿದರೆ ಕರ್ಜತ್‌ನಲ್ಲಿ ಬದಲಿಸಬೇಕು. ಮಾಟುಂಗದಲ್ಲಿ ಇಡ್ಲಿ ತಿಂದವರು ದಾದರ್‌ನಲ್ಲಿ ಹತ್ತಿದರಾಯಿತು. ಅಕ್ಟೋಬರ್ ಒಳ್ಳೆಯ ಕಾಲ: ಮೋಡ ಸರಿದು ಘಾಟಿ ಕಾಣುತ್ತದೆ, ಮೇಲಿನ ಕೆರೆಗಳೂ ತುಂಬಿರುತ್ತವೆ.

ಊರು ಬಂತೆನ್ನುವಾಗಲೇ ಬೆಟ್ಟದ ಮೈಮೇಲೆ ಇಳಿದ ದಪ್ಪ ಪೈಪುಗಳು ಕಣ್ಣಿಗೆ ಬೀಳುತ್ತವೆ. ಲೋಣಾವಳ, ವಳವಣ, ಶಿರೋಟಾ ಕೆರೆಗಳ ನೀರು ಸುಮಾರು 500 ಮೀಟರ್ ಧುಮುಕಿ ಟಾಟಾ ವಿದ್ಯುದಾಗಾರ ಸೇರುತ್ತದೆ. ನಮ್ಮ ಶಿವನಸಮುದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಂತೆ, ಇದು 1915ರಿಂದ ಮುಂಬಯಿಯ ಹತ್ತಿಗಿರಣಿಗಳನ್ನು ಓಡಿಸಿತು. ಒಳಗೆ ನೋಡಲು ಮೊದಲೇ ಅನುಮತಿ ಬೇಕು.

ಇಷ್ಟು ಎತ್ತರಕ್ಕೆ ಪೆಲ್ಟನ್ ಚಕ್ರವೇ ಸರಿ. ಸಣ್ಣ ಬಾಯಿಂದ ಚಿಮ್ಮಿದ ನೀರು ಚಕ್ರದಂಚಿನ ಜೋಡಿ ಬಟ್ಟಲುಗಳಿಗೆ ಬಡಿಯುತ್ತದೆ. ವಿದ್ಯುತ್ ಬೇಡಿಕೆ ತಟ್ಟನೆ ಕುಸಿದರೆ ನೀರನ್ನು ಒಮ್ಮೆಲೇ ಮುಚ್ಚುವಂತಿಲ್ಲ. ಪೈಪಿನೊಳಗೆ ಒತ್ತಡ ನುಗ್ಗಿ ಬಿರುಕು ಬಿಟ್ಟೀತು. ಅದಕ್ಕೇ ಮೊದಲು ಒಂದು ತಗಡು ಅಡ್ಡ ಬಂದು ಧಾರೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ, ಬಾಯಿ ಆಮೇಲೆ ನಿಧಾನವಾಗಿ ಮುಚ್ಚುತ್ತದೆ. ನೀರಲ್ಲಿ ಮರಳು ಬಂದರೆ ಬಟ್ಟಲಿನ ನಡುಗೆರೆ ಸವೆದು ದಕ್ಷತೆ ಇಳಿಯುತ್ತದೆ. ಒಂದು ಯೂನಿಟ್ಟಿಗೆ ಇಲ್ಲಿ ಹೆಚ್ಚುಕಡಿಮೆ 850 ಲೀಟರ್ ನೀರು. ಬಳಸಿದ ನೀರು ಪಾತಾಳಗಂಗಾ ನದಿಗೆ.

ಟಾಟಾದ ಖೋಪೋಲಿ, ಭಿವಪುರಿ, ಭಿರಾ ಜಲವಿದ್ಯುದಾಗಾರಗಳು ಮೂರೂ ಸೇರಿ 447 ಮೆಗಾವಾಟ್. ಮುಂಬಯಿಯ ಬೇಸಿಗೆ ಬೇಡಿಕೆಯೋ 3,500 ದಾಟುತ್ತದೆ. ಹಾಗಾಗಿ ಚೆಂಬೂರಿನಾಚೆ ಟ್ರಾಂಬೆಯಲ್ಲಿ 500 ಮತ್ತು 250 ಮೆಗಾವಾಟಿನ ಎರಡು ಕಲ್ಲಿದ್ದಲು ಘಟಕಗಳು. ದೊಡ್ಡದು ಪೂರ್ತಿ ಓಡಿದರೆ ಗಂಟೆಗೆ 200 ಟನ್ ಮೀರಿ ಸುಡುತ್ತದೆ. ಸಮುದ್ರದ ನೀರಲ್ಲಿ ತೊಳೆದು ಹೊಗೆಯ ಗಂಧಕ ತೆಗೆಯಬಹುದು, ಇಂಗಾಲ ಹೋಗದು. ತಣ್ಣಗಾದ ಬಾಯ್ಲರ್ ಮತ್ತೆ ಉಗಿ ಹಿಡಿಯಲು ಹಲವು ಗಂಟೆ ಬೇಕು. ಪೆಲ್ಟನ್‌ಗೆ ನಿಮಿಷಗಳು ಸಾಕು.

"ಸೋಲಾರ್ ಹಾಕಿ, ಇದನ್ನು ಮುಚ್ಚಿ" ಎನ್ನುವವರು ತಂತಿಯನ್ನು ಮರೆಯುತ್ತಾರೆ. 2020ರ ಅಕ್ಟೋಬರ್ 12ರಂದು ಮುಂಬಯಿಗೆ ವಿದ್ಯುತ್ ತರುವ ಪಡಘೆ–ಕಳವಾ ತಂತಿಮಾರ್ಗಗಳು ಕೈಕೊಟ್ಟಾಗ ಲೋಕಲ್‌ಗಳು ನಿಂತಲ್ಲೇ ನಿಂತವು. ಹೊರಗಿನಿಂದ ತರುವ ದಾರಿ ಇಕ್ಕಟ್ಟಾಗಿದ್ದಷ್ಟು ಕಾಲ ಊರೊಳಗಿನ ಚಿಮಣಿಯೇ ಆಸರೆ. 2023ರಲ್ಲಿ ಖಾರ್ಘರ್–ವಿಕ್ರೋಲಿ 400 ಕಿಲೋವೋಲ್ಟ್ ಮಾರ್ಗ ಬಂದ ಮೇಲೆ ಆ ವಾದ ಸ್ವಲ್ಪ ಸಡಿಲವಾಗಿದೆ. ಉಳಿದದ್ದು, ಬಿಸಿಲು ಹೋದ ಮೇಲೂ ವಿದ್ಯುತ್ ಬೇಕಾಗುವ ಸಂಜೆ ಏಳರ ಸಮಸ್ಯೆ.

ಅದಕ್ಕೆ ಭಿರಾ ನೋಡಬೇಕು. ಪುಣೆಯಿಂದ ಮುಳಶಿ, ತಾಮ್ಹಿಣಿ ಘಾಟಿನ ದಾರಿ. ಮುಳಶಿ ಕೆರೆ ಚೆಂದವೇ; 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಸತ್ಯಾಗ್ರಹಕ್ಕಿಳಿದದ್ದು ಇದರಡಿ ಮುಳುಗಲಿದ್ದ ಹೊಲಗಳಿಗಾಗಿ. ಘಾಟಿ ಇಳಿದರೆ ಭಿರಾದಲ್ಲಿ 150 ಮೆಗಾವಾಟಿನ ಒಂದು ಘಟಕ ಉಲ್ಟಾ ತಿರುಗುತ್ತದೆ: ವಿದ್ಯುತ್ ಮಿಕ್ಕಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಸಂಜೆ ಮತ್ತೆ ಇಳಿಸುತ್ತದೆ. ಇಂಥ ವ್ಯವಸ್ಥೆಯಲ್ಲಿ ನಾಲ್ಕು ಯೂನಿಟ್ ಕೊಟ್ಟರೆ ಮೂರು ವಾಪಸ್ ಬರುತ್ತದೆ.