ಊಟಕ್ಕೆ ಕರೆಯುವವರಿಲ್ಲದ ಊರು

ಹನುಮಂತನಗರದ ನಮ್ಮ ಮನೆಯಲ್ಲಿ ಇಸ್ಪೀಟಿನ ಕಟ್ಟಿಗೆ ಪ್ರವೇಶವಿರಲಿಲ್ಲ. ರಮ್ಮಿ ಆಡಲು ನಾನು ಕಲಿತದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಅದೂ ಪಾಯಿಂಟಿಗೆ ಐದು ಪೈಸೆಯ ಲೆಕ್ಕದಲ್ಲಿ. ಹೀಗಿರುವಾಗ, 2024ರ ಅಕ್ಟೋಬರ್ ಕೊನೆಯಲ್ಲಿ ಕಚೇರಿಯ ಕೆಲಸಕ್ಕೆಂದು ಲಾಸ್ ಏಂಜಲೀಸ್‌ಗೆ ಹೋಗಿದ್ದ ನಾನು, ಅದೇ ಹಾಸ್ಟೆಲಿನ ಮೂವರು ಗೆಳೆಯರೊಂದಿಗೆ ಎರಡು ದಿನ ಲಾಸ್ ವೇಗಸ್‌ಗೂ ಹೋಗಿಬರುತ್ತೇನೆಂದು ಫೋನಿನಲ್ಲಿ ತಿಳಿಸಿದಾಗ, ಆ ಊರಿನ ಹೆಸರನ್ನು ಟೀವಿಯಲ್ಲಷ್ಟೇ ಕೇಳಿದ್ದ ಅಮ್ಮ "ಅಲ್ಲಿ ನೋಡೋದಕ್ಕೆ ಏನಿದೆಯೋ?" ಎಂದು ಕೇಳಿದರು. "ಕಾರಂಜಿ ಇದೆ" ಎಂದೆ. ಅದು ಸುಳ್ಳಲ್ಲ.

ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಊರೇ ಹೆಸರು. ದಾವಣಗೆರೆಯವನು ಲಾಸ್ ಏಂಜಲೀಸಿನ ಬಳಿ ನೆಲೆಸಿ ಹದಿನೈದು ವರ್ಷಗಳಾಗಿವೆ. ಮಂಡ್ಯದವನು ಡಲ್ಲಾಸ್‌ನಿಂದ ವಿಮಾನದಲ್ಲಿ ಬಂದ. ಮಲ್ಲೇಶ್ವರದವನು ನನ್ನಂತೆಯೇ ಬೆಂಗಳೂರಿನಿಂದ ಕೆಲಸದ ಮೇಲೆ ಬಂದವನು. ನಮ್ಮ ತಂಡದ ಲೆಕ್ಕಿಗನೂ ಅವನೇ. ಕಾರು ಹೊರಡುವ ಮೊದಲೇ ಅವನು ಪ್ರವಾಸದ ಖರ್ಚಿಗೆಂದು ಒಂದು ಎಕ್ಸೆಲ್ ಹಾಳೆ ತೆರೆದು, ಜೂಜಿಗೆ ತಲಾ ನೂರು ಡಾಲರ್, ಅಂದರೆ ಸುಮಾರು 8,400 ರೂಪಾಯಿ, ಎಂಬ ಮಿತಿಯನ್ನು ಹಾಕಿದ. ಆ ಹಣ ಹೋಯಿತೆಂದೇ ತಿಳಿದು ಆಡಬೇಕು, ಅದು ಮುಗಿದ ಮೇಲೆ ಯಾರೂ ಯಾರಿಗೂ ಸಾಲ ಕೊಡಕೂಡದು ಎಂಬ ಕರಾರನ್ನೂ ಅವನೇ ಓದಿ ಹೇಳಿದ. ನಾವು ಮೂವರೂ ತಲೆಯಾಡಿಸಿದೆವು.

ದಾರಿ ಸುಮಾರು 430 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು. ಆದರೆ ತುಮಕೂರಿನ ತಟ್ಟೆ ಇಡ್ಲಿಯಾಗಲಿ ದಾವಣಗೆರೆಯ ಬೆಣ್ಣೆ ದೋಸೆಯಾಗಲಿ ಎದುರಾಗದ ದಾರಿ. ಬಹುಪಾಲು ಮೊಹಾವಿ ಮರುಭೂಮಿ. ಬೂದು ಮಣ್ಣು, ಕುರುಚಲು ಗಿಡ, ದೂರದಲ್ಲಿ ಬೋಳು ಬೆಟ್ಟ. ನೆವಾಡಾದ ಗಡಿ ಹತ್ತಿರವಾದಾಗ ದಾವಣಗೆರೆಯವನು ಕಾರಿನ ವೇಗ ತಗ್ಗಿಸಿ, ಕ್ಯಾಲಿಫೋರ್ನಿಯಾದ ಬದಿಯಲ್ಲೇ ಇರುವ ಒಂದು ಅಂಗಡಿಯನ್ನು ತೋರಿಸಿದ. ಲಾಟರಿ ಟಿಕೆಟ್ ಕೊಳ್ಳಲು ನೆವಾಡಾದ ಜನ ಅಷ್ಟು ದೂರದಿಂದ ಅಲ್ಲಿಗೆ ಬರುತ್ತಾರಂತೆ. ಜೂಜಿನಿಂದಲೇ ಹೆಸರಾದ ಆ ರಾಜ್ಯದ ಸಂವಿಧಾನವು ಲಾಟರಿಯನ್ನು 1864ರಿಂದಲೂ ನಿಷೇಧಿಸಿದೆ! ನಮ್ಮ ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದ್ದು ಬಡವರ ಮನೆ ಮುರಿಯುತ್ತದೆಂಬ ಕಾರಣಕ್ಕೆ. ನೆವಾಡಾದ ಕ್ಯಾಸಿನೋದವರಿಗೆ ಲಾಟರಿ ಪೈಪೋಟಿಯಾಗಿ ಕಾಣುತ್ತದೆಯೋ ಏನೋ ಎಂದು ನಾನು ಅಂದುಕೊಂಡೆ. ನಮ್ಮಲ್ಲಿ ತೋಟದ ಮನೆಯಲ್ಲಿ ಅಂದರ್ ಬಾಹರ್ ಆಡಿದ ಎಂಟು ಮಂದಿಯ ಬಂಧನ ಪತ್ರಿಕೆಯ ಒಳಪುಟದ ಕಾಯಂ ಸುದ್ದಿ. ಅಲ್ಲಿ ಜೂಜು 1931ರಿಂದ ಕಾನೂನುಬದ್ಧ.

ವೇಗಸ್ ಎಂದೊಡನೆ ಕಣ್ಣಿಗೆ ಬರುವ ದೀಪಗಳ ಬೀದಿಯನ್ನು ಎಲ್ಲರೂ 'ಸ್ಟ್ರಿಪ್' ಎನ್ನುತ್ತಾರೆ. ಆರೂವರೆ ಕಿಲೋಮೀಟರಿಗಿಂತ ತುಸು ಉದ್ದದ ಈ ಬೀದಿಯ ಬಹುಭಾಗ ಲಾಸ್ ವೇಗಸ್ ನಗರದ ಎಲ್ಲೆಯೊಳಗೇ ಇಲ್ಲ. ಅದು ಪ್ಯಾರಡೈಸ್ ಎಂಬ, ನಗರಸಭೆಯಿಲ್ಲದ ಪ್ರದೇಶಕ್ಕೆ ಸೇರಿದೆ. 1905ರಲ್ಲಿ ರೈಲ್ವೆ ಕಂಪನಿ ನಿವೇಶನಗಳನ್ನು ಹರಾಜು ಹಾಕಿದಾಗ ಹುಟ್ಟಿದ ಹಳೆಯ ಪೇಟೆ ಉತ್ತರಕ್ಕಿದೆ. ಸ್ಟ್ರಿಪ್ಪಿನ ದಕ್ಷಿಣ ತುದಿಯಲ್ಲಿ, 1957ರಲ್ಲಿ ತೆರೆದಿದ್ದ ಟ್ರಾಪಿಕಾನಾ ಹೋಟೆಲಿನ ಗೋಪುರಗಳನ್ನು ನಾವು ಹೋಗುವ ಕೆಲವೇ ವಾರಗಳ ಹಿಂದೆ, ಅಕ್ಟೋಬರ್ 9ರ ನಸುಕಿನಲ್ಲಿ, ಬಾಣಬಿರುಸಿನ ಪ್ರದರ್ಶನದೊಂದಿಗೆ ಸಿಡಿಮದ್ದಿಟ್ಟು ಉರುಳಿಸಿದ್ದರು. ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಜಾಗ ಬೇಕಿತ್ತು. ಬೇಲಿಯಾಚೆ ಅವಶೇಷ ಇನ್ನೂ ಬಿದ್ದಿತ್ತು. ಹಳೆಯ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವ ಬೆಂಗಳೂರಿನಿಂದ ಹೋದ ನನಗೆ ಬೆರಳು ತೋರಿಸುವ ಯೋಗ್ಯತೆಯಿಲ್ಲ, ಆದರೆ ನಾವಾದರೂ ಪಟಾಕಿ ಹಚ್ಚಿ ಕೆಡವುವುದಿಲ್ಲ.

ನಮ್ಮ ಹೋಟೆಲಿನ ಹೆಸರು ಬೇಡ. ಬುಕ್ ಮಾಡುವಾಗ ಅಗ್ಗವಾಗಿ ಕಂಡಿದ್ದ ಕೋಣೆಗೆ ದಿನಕ್ಕೆ ನಲವತ್ತು ಡಾಲರಿಗೂ ಮೀರಿದ 'ರೆಸಾರ್ಟ್ ಫೀ' ಸೇರಿಕೊಂಡಿತು. ಅದರ ಮೇಲೆ ಮಂಡ್ಯದವನು ತನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಚಕ್ಕುಲಿ ಡಬ್ಬಿಗೆ ಜಾಗ ಮಾಡಲೆಂದು ಕೋಣೆಯ ಫ್ರಿಜ್ಜಿನಿಂದ ಎರಡು ಚಾಕೊಲೇಟು, ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಆ ಫ್ರಿಜ್ಜಿನಲ್ಲಿ ವಸ್ತುವನ್ನು ಎತ್ತಿದರೆ ಸಾಕು, ಅಡಿಯಲ್ಲಿರುವ ಸೆನ್ಸರ್ ಬಿಲ್ಲಿಗೆ ಸೇರಿಸಿಬಿಡುತ್ತದೆ. ಅರ್ಧ ಗಂಟೆ ವಾದಿಸಿದ ಮೇಲೆ ಆ ಬಿಲ್ಲನ್ನು ಅಳಿಸಿದರು. ಚಕ್ಕುಲಿ ಡಬ್ಬಿಯನ್ನು ಫ್ರಿಜ್ಜಿನಲ್ಲಿಡುವ ಅಗತ್ಯವೇನಿತ್ತೆಂದು ನಾವು ಕೇಳಿದ ಪ್ರಶ್ನೆಗೆ ಮಾತ್ರ ಅವನಿಂದ ಇಂದಿಗೂ ಉತ್ತರ ಬಂದಿಲ್ಲ.

ಸಂಜೆ ಮೊದಲು ನೋಡಿದ್ದು ಅಮ್ಮನಿಗೆ ಹೇಳಿದ್ದ ಕಾರಂಜಿಯನ್ನೇ. 1998ರಲ್ಲಿ ತೆರೆದ ಬೆಲಾಜಿಯೋ ಹೋಟೆಲಿನ ಮುಂದಿನ ಎಂಟೂವರೆ ಎಕರೆಯ ಕೊಳದಲ್ಲಿ ಸಾವಿರಕ್ಕೂ ಮೀರಿದ ಕೊಳವೆಗಳು ಸಂಗೀತಕ್ಕೆ ತಕ್ಕಂತೆ ನೀರನ್ನು ಬಾಗಿಸುತ್ತವೆ, ಬಳುಕಿಸುತ್ತವೆ, ಕೊನೆಗೆ ಫಿರಂಗಿಯಂತೆ ಸದ್ದು ಮಾಡಿ ನೂರನಲವತ್ತು ಮೀಟರ್‌ವರೆಗೂ ಚಿಮ್ಮಿಸುತ್ತವೆ; ಗಾಳಿಗೆ ತುಂತುರು ನಮ್ಮ ಮುಖದವರೆಗೂ ಬಂತು. ಟಿಕೆಟ್ಟಿಲ್ಲ. ನಾನು ಬಾಯಿಬಿಟ್ಟುಕೊಂಡು ನಿಂತಿದ್ದರೆ ಮಂಡ್ಯದವನು, "ಬೃಂದಾವನದಲ್ಲಿ ಅಪ್ಪ ಇದನ್ನ ಐವತ್ತು ಸಲ ತೋರ್ಸವ್ರೆ, ಅಲ್ಲಿ ಕಡ್ಲೆಕಾಯಾದ್ರೂ ಸಿಕ್ತಿತ್ತು" ಎಂದ. ಎರಡನೆಯ ಪ್ರದರ್ಶನಕ್ಕೂ ನಿಂತವನು ಅವನೊಬ್ಬನೇ.

ಆಮೇಲೆ ಒಳಗೆ ಹೋದೆವು. ಕ್ಯಾಸಿನೋದ ಒಳಾಂಗಣದಲ್ಲಿ ಗಡಿಯಾರವಿಲ್ಲ, ಕಿಟಕಿಯಿಲ್ಲ ಎಂಬುದನ್ನು ಹೋಗುವ ಮೊದಲೇ ಹತ್ತಾರು ಜನ ಹೇಳಿದ್ದರು. ಯಾರೂ ಹೇಳದಿದ್ದ ಸಂಗತಿಯೆಂದರೆ ಅಲ್ಲಿ ನೇರವಾದ ದಾರಿ ಇಲ್ಲದಿರುವುದು. ಲಿಫ್ಟಿನಿಂದ ಬೀದಿಗೆ, ಬೀದಿಯಿಂದ ಊಟದ ಜಾಗಕ್ಕೆ, ಎಲ್ಲಿಗೆ ಹೋಗಬೇಕಾದರೂ ಸ್ಲಾಟ್ ಯಂತ್ರಗಳ ನಡುವೆ ತಿರುತಿರುಗಿ ಹಾಯಬೇಕು; ಚಿಕ್ಕಪೇಟೆಯ ಗಲ್ಲಿಗಳಲ್ಲಿ ಹುಟ್ಟಿ ಬೆಳೆದವರೂ ಇಲ್ಲಿ ದಿಕ್ಕು ತಪ್ಪಬೇಕು. ಗಾಳಿಯಲ್ಲಿ ಸಿಗರೇಟಿನ ಹೊಗೆ, ಅದನ್ನು ಮುಚ್ಚಲು ಹರಡಿದ ಸುಗಂಧ, ಎರಡೂ ಬೆರೆತ ಒಂದು ವಾಸನೆ. ಆಡುತ್ತಿರುವವರಿಗೆ ಪಾನೀಯ ಬಿಟ್ಟಿ, ತಂದುಕೊಟ್ಟವರಿಗೆ ಒಂದು ಡಾಲರ್ ಟಿಪ್ಸ್ ಕೊಡುವುದು ರೂಢಿ.

ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆಂದು ಊಹಿಸಿ ಹಣ ಕಟ್ಟುವ ಆಟ ರೂಲೆಟ್. ಆ ಮೇಜಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ನೂರು ಡಾಲರಿನ ನೋಟನ್ನು ಕೈಗೆ ಕೊಡಹೋದರೆ ಡೀಲರ್ ಮಹಿಳೆ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇಡುವಂತೆ ಸನ್ನೆ ಮಾಡಿದರು. ನಂತರ ನೋಟನ್ನು ಮೇಲಿನ ಕ್ಯಾಮೆರಾಕ್ಕೆ ಕಾಣುವಂತೆ ಬಿಡಿಸಿಟ್ಟು, ನನಗೆ ನೇರಳೆ ಬಣ್ಣದ ಬಿಲ್ಲೆಗಳನ್ನು ಎಣಿಸಿಕೊಟ್ಟು, ಮೇಜಿನಲ್ಲಿದ್ದ ಸಣ್ಣ ಸೀಳಿನೊಳಕ್ಕೆ ನೋಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒಂದೇ ಸಲಕ್ಕೆ ತಳ್ಳಿದರು. ನನ್ನ ಎಂಟು ಸಾವಿರದ ನಾನೂರು ರೂಪಾಯಿ ಅಂಚೆ ಡಬ್ಬಿಗೆ ಬಿದ್ದ ಕಾಗದದಂತೆ ಮಾಯವಾಯಿತು. ಮೇಜಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ಆ ಬಿಲ್ಲೆಗಳಿಗೆ ಆ ಮೇಜು ಬಿಟ್ಟರೆ ಬೇರೆಲ್ಲೂ ಬೆಲೆಯಿಲ್ಲ.

ಮಲ್ಲೇಶ್ವರದವನು ಅಷ್ಟರಲ್ಲಿ ಲೆಕ್ಕ ಬಿಡಿಸಿದ್ದ. ಚಕ್ರದಲ್ಲಿ 38 ಮನೆಗಳು: ಹದಿನೆಂಟು ಕೆಂಪು, ಹದಿನೆಂಟು ಕಪ್ಪು, ಸೊನ್ನೆ ಮತ್ತು ಜೋಡಿ ಸೊನ್ನೆ ಎರಡು ಹಸಿರು. ಕೆಂಪಿಗೆ ಕಟ್ಟಿದರೆ ಗೆಲ್ಲುವುದು 38ರಲ್ಲಿ 18 ಸಲ, ಕೊಡುವುದು ಒಂದಕ್ಕೆ ಒಂದು. ಹಾಗಾಗಿ ಕಟ್ಟಿದ ಪ್ರತಿ ನೂರು ಡಾಲರಿನಲ್ಲಿ ಸರಾಸರಿ ಐದು ಡಾಲರ್ ಇಪ್ಪತ್ತಾರು ಸೆಂಟು ಅವರದು. ಯುರೋಪಿನ ಚಕ್ರದಲ್ಲಿ ಒಂದೇ ಸೊನ್ನೆ ಇರುವುದರಿಂದ ಅದು 2.70ಕ್ಕೆ ಇಳಿಯುತ್ತದೆ, ಈಚೆಗೆ ಸ್ಟ್ರಿಪ್ಪಿನ ಕೆಲವು ಮೇಜುಗಳಲ್ಲಿ ಮೂರನೆಯ ಸೊನ್ನೆಯನ್ನೂ ಕೂರಿಸಿ ಅದನ್ನು 7.69ಕ್ಕೆ ಏರಿಸಿದ್ದಾರೆ. "ಇವ್ರು ಮೋಸ ಮಾಡ್ತಿಲ್ಲ ಕಣೋ, ಎಲ್ಲಾ ಕಣ್ಣೆದುರೇ ಇದೆ" ಎಂದು ಅವನು ಮೆಚ್ಚುಗೆಯಿಂದಲೇ ಹೇಳಿದ.

ಮೇಜಿನ ಪಕ್ಕದ ಫಲಕದಲ್ಲಿ ಹಿಂದೆ ಬಂದ ಸಂಖ್ಯೆಗಳು ಬೆಳಗುತ್ತವೆ. ಆರು ಸಲ ಸತತವಾಗಿ ಕಪ್ಪು ಬಂದಿತ್ತು. ಹಿಂದಿನ ಸುತ್ತಿನ ನೆನಪು ಚೆಂಡಿಗೆ ಇರುವುದಿಲ್ಲವೆಂದು ಎರಡನೆಯ ವರ್ಷದ ಸಂಭವನೀಯತೆಯ ಪಾಠದಲ್ಲಿ ಓದಿದವರು ನಾವಿಬ್ಬರೂ. ಆದರೂ "ಇನ್ನು ಕೆಂಪೇ" ಎಂದು ನನ್ನ ಹೊಟ್ಟೆ ಹೇಳಿತು, ಕೈ ತಾನಾಗಿಯೇ ಹದಿನೈದು ಡಾಲರಿನ ಬಿಲ್ಲೆಗಳನ್ನು ಕೆಂಪಿನ ಮೇಲಿಟ್ಟಿತು. ಡೀಲರ್ ಅಂಗೈ ಬೀಸಿ ಇನ್ನು ಕಟ್ಟುವಂತಿಲ್ಲ ಎಂದರು. ಚೆಂಡು ಟಕಟಕ ಎಂದು ನೆಗೆದು ಬಿದ್ದದ್ದು ಕಪ್ಪು ಹದಿನೇಳಕ್ಕೆ. ಆ ಕ್ಷಣದಲ್ಲಿ ನನಗಾದದ್ದು ದುಃಖವಲ್ಲ, ಮುಂದಿನ ಸಲವಂತೂ ಕೆಂಪೇ ಎಂಬ, ಮೊದಲಿಗಿಂತ ಗಟ್ಟಿಯಾದ ನಂಬಿಕೆ. ಮುಕ್ಕಾಲು ಗಂಟೆಯಲ್ಲಿ ನನ್ನ ನೇರಳೆ ಬಣ್ಣ ಮುಗಿಯಿತು. ಜೇಬಿನಲ್ಲಿದ್ದ ಒಂದೆರಡು ಒಂಟಿ ಡಾಲರ್ ನೋಟುಗಳನ್ನು ಸ್ಲಾಟ್ ಯಂತ್ರಕ್ಕೆ ತಿನ್ನಿಸಿ, ಉಳಿದ 37 ಸೆಂಟಿನ ಚೀಟಿ ಹರಿದುಕೊಂಡು ಎದ್ದೆ. ಈಗಿನ ಯಂತ್ರಗಳು ನಾಣ್ಯ ಸುರಿಸುವುದಿಲ್ಲ, ಚೀಟಿ ಮುದ್ರಿಸಿಕೊಡುತ್ತವೆ.

ನಮ್ಮಲ್ಲಿ ನಿಜವಾದ ಆಟಗಾರ ಮಂಡ್ಯದವನು. ಯುಗಾದಿಯ ದಿನ ಊರಿನ ಅರಳಿಕಟ್ಟೆಯಲ್ಲಿ ಇಸ್ಪೀಟಿನ ಕಂಬಳಿ ಹಾಸುವ ಪದ್ಧತಿಯಲ್ಲಿ ಬೆಳೆದವನು. ಅವನು ಬ್ಲ್ಯಾಕ್‌ಜಾಕ್ ಮೇಜುಗಳ ನಡುವೆ ಸುತ್ತಾಡಿ, ಹಾಸಿದ ಬಟ್ಟೆಯ ಮೇಲೆ ಬರೆದದ್ದನ್ನು ಓದಿ, ಬ್ಲ್ಯಾಕ್‌ಜಾಕ್, ಅಂದರೆ ಮೊದಲ ಎರಡು ಎಲೆಗಳಲ್ಲೇ ಇಪ್ಪತ್ತೊಂದು, ಬಂದರೆ ಎರಡಕ್ಕೆ ಮೂರು ಕೊಡುವ ಮೇಜು ಸಿಗುವವರೆಗೆ ಕೂರಲೇ ಇಲ್ಲ. ಐದಕ್ಕೆ ಆರು ಕೊಡುವ ಮೇಜುಗಳೇ ಹೆಚ್ಚು. ಇಪ್ಪತ್ತೈದು ಡಾಲರ್ ಗೆದ್ದೊಡನೆ ಎದ್ದುಬಂದ. ಯಾಕೋ ಎಂದರೆ, "ಊರಲ್ಲಿ ಆಟಕ್ಕೆ ಕೂತ್ರೆ ಅವ್ವ ಊಟಕ್ಕೆ ಕರೀತಾಳೆ, ಇಲ್ಲಾಂದ್ರೆ ಕರೆಂಟ್ ಹೋಯ್ತದೆ, ಇಲ್ಲಾಂದ್ರೆ ಪೊಲೀಸ್ ಬತ್ತಾರೆ. ಇಲ್ಲಿ ಯಾರು ಬತ್ತಾರ್ ಹೇಳು? ನಾವೇ ಏಳ್ಬೇಕು" ಎಂದ. ಗಡಿಯಾರ, ಕಿಟಕಿಗಳ ಬಗ್ಗೆ ನಾನು ಕೇಳಿದ್ದೆಲ್ಲಕ್ಕಿಂತ ಆ ಜಾಗವನ್ನು ನನಗೆ ಸರಿಯಾಗಿ ತಿಳಿಸಿದ ಮಾತು ಅದು.

ಬೆಳಗಿನ ಜಾವ ಐದೂವರೆಗೆ ಎಚ್ಚರವಾದಾಗ ಮಲ್ಲೇಶ್ವರದವನ ಹಾಸಿಗೆ ಮಡಿಕೆ ಬಿಚ್ಚದೆ ಹಾಗೆಯೇ ಇತ್ತು. ಕೆಳಗಿಳಿದೆ. ಹಗಲೂ ಅಲ್ಲದ ಇರುಳೂ ಅಲ್ಲದ ಅದೇ ಬೆಳಕು. ಸ್ವಚ್ಛತಾ ಕೆಲಸಗಾರನೊಬ್ಬ ಸ್ಲಾಟ್ ಯಂತ್ರದ ಗುಂಡಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅದರ ಮುಂದೆ ಕೂತಿದ್ದ ವೃದ್ಧರು ಅವನಿಗಾಗಿ ಕೈಯನ್ನು ಒಂದು ಕ್ಷಣ ಎತ್ತಿ, ಬಟ್ಟೆ ಸರಿದೊಡನೆ ಮತ್ತೆ ಒತ್ತಿದರು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ರೂಲೆಟ್ ಮೇಜಿನಲ್ಲಿ ನಮ್ಮ ಲೆಕ್ಕಿಗ ಒಬ್ಬನೇ ಇದ್ದ. ಕಿಸೆಯಿಂದ ಎಟಿಎಂ ಚೀಟಿಗಳು ಇಣುಕುತ್ತಿದ್ದವು. ಒಂದೊಂದು ಸಲಕ್ಕೂ ಹತ್ತು ಡಾಲರಿನ ಶುಲ್ಕ ಬೇರೆ. ಅವನು ಕೂತಿದ್ದದ್ದು ಮೂರು ಸೊನ್ನೆಯ ಚಕ್ರದ ಮುಂದೆ ಎಂಬುದನ್ನು ಕಂಡಾಗ ನನಗೆ ಮಾತೇ ಹೊರಡಲಿಲ್ಲ. ಬೈಯಲು ಬಂದವನು, ಏನು ಹೇಳುವುದೆಂದು ತೋಚದೆ, "ತಿಂಡಿಗೆ ಬಾರೋ" ಎಂದೆ. ಅವನು ತಲೆಯೆತ್ತಿ "ಬೆಳಗಾಯ್ತಾ?" ಎಂದು ಕೇಳಿ ಎದ್ದ.

ಅಂದು ಹೂವರ್ ಅಣೆಕಟ್ಟೆಗೆ ಹೋದೆವು. ಜೂಜಿಗೆ ಅನುಮತಿ ಸಿಕ್ಕ 1931ರಲ್ಲೇ ಕಟ್ಟಲು ತೊಡಗಿದ, 221 ಮೀಟರ್ ಎತ್ತರದ ಕಾಂಕ್ರೀಟು. ಹಿಂದಿನ ಮೀಡ್ ಸರೋವರದ ಬಂಡೆಗಳ ಮೇಲೆ, ಎರಡು ದಶಕಗಳಿಂದ ನೀರು ಇಳಿಯುತ್ತ ಬಂದುದರ ಗುರುತಾಗಿ ಅಗಲವಾದ ಬಿಳಿ ಪಟ್ಟಿ. ವೇಗಸ್ ಕುಡಿಯುವ ನೀರಿನ ಬಹುಪಾಲು ಇಲ್ಲಿಯದೇ. ಕಾವೇರಿಯ ಅಳತೆಯನ್ನು ದಿನವೂ ಪತ್ರಿಕೆಯಲ್ಲಿ ಓದುವ ನಮಗೆ ಆ ಪಟ್ಟಿ ಚೆನ್ನಾಗಿಯೇ ಅರ್ಥವಾಯಿತು. "ನಮ್ಮ ಕಟ್ಟೆ ಈ ಸಲ 124 ಅಡಿ ದಾಟಿ ತುಂಬ್ತು, ಬಾಗಿನಾನೂ ಬಿಟ್ರು" ಎಂದು ಮಂಡ್ಯದವನು ಹೆಮ್ಮೆಪಟ್ಟ. ಮಲ್ಲೇಶ್ವರದವನು ಕಟ್ಟೆಯ ಗೋಡೆಗೆ ಒರಗಿ ಕೆಳಗೆ ನೋಡುತ್ತಿದ್ದ. ಎಷ್ಟು ಹೋಯಿತೆಂದು ನಾವಾರೂ ಕೇಳಲಿಲ್ಲ.

ತಿಂಗಳ ನಂತರ ಮಲ್ಲೇಶ್ವರದ ಸಿಟಿಆರ್‌ನಲ್ಲಿ ಇಬ್ಬರೂ ಬೆಣ್ಣೆ ಮಸಾಲೆ ತಿನ್ನುತ್ತಿರುವಾಗ ಅವನು ಎಕ್ಸೆಲ್ ಹಾಳೆಯನ್ನು ಫೋನಿನಲ್ಲಿ ತೆರೆದ. ಪೆಟ್ರೋಲು, ಕೋಣೆ, ಊಟ, ಎಲ್ಲವನ್ನೂ ಸೆಂಟಿನವರೆಗೆ ನಾಲ್ಕು ಭಾಗ ಮಾಡಿದ್ದ. ಅವನ ಹೆಸರಿನ ಮುಂದೆ ಮಾತ್ರ 'ಇತರೆ' ಎಂಬ ಒಂದು ಸಾಲು, ಅದರಲ್ಲಿ 740. ನಾನು ಅದನ್ನು ನೋಡಿದೆನೆಂಬುದನ್ನು ಅವನೂ ನೋಡಿದ. ಏನಾದರೂ ಹೇಳಬೇಕಲ್ಲ ಎಂದು ಪರ್ಸಿನಲ್ಲಿ ಉಳಿದಿದ್ದ 37 ಸೆಂಟಿನ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಅವನು ಅದನ್ನು ತಿರುಗಿಸಿ ಓದಿ, "ಮೂವತ್ತೊಂದು ರೂಪಾಯಿ ಆಗತ್ತೆ" ಎಂದು ನನ್ನ ಪಾಲಿನ ದೋಸೆಯ ಲೆಕ್ಕದಿಂದ ಕಳೆದು, ಚೀಟಿಯನ್ನು ಕಿಸೆಗೆ ಹಾಕಿಕೊಂಡ.